ಜೀರಿಗೆ ಹೊಗೆ

ರಾತ್ರಿ ಹೊತ್ತು ವಾಯುವ್ಯ ಚೀನಾದ ಉರುಮ್ಚಿ ನಗರದ ಬಜಾರಿನ ಕಬಾಬ್ ವಿಡಿಯೊ ನೋಡ್ಬಾರ್ದು ಮಾರಾಯ್ರೆ, ನಿದ್ದೆ ಹಾರಿಹೋಗುತ್ತೆ. ಉದ್ದನೆಯ ಕಬ್ಬಿಣದ ಒಲೆ, ಒಳಗೆ ಕೆಂಡ, ಮೇಲೆ ಸಾಲಾಗಿ ಕುರಿಮಾಂಸದ ಕಡ್ಡಿಗಳು. ಮಾಂಸದ ತುಂಡುಗಳ ನಡುವೆ ಕೊಬ್ಬನ್ನೂ ಪೋಣಿಸಿರ್ತಾರೆ. ಅದು ಕರಗಿ ಕೆಂಡಕ್ಕೆ ತೊಟ್ಟಿಕ್ಕಿದಾಗ ಏಳೋ ಹೊಗೆಯೇ ಅರ್ಧ ರುಚಿ. ಮಸಾಲೆ? ಉಪ್ಪು, ಒಣಮೆಣಸಿನ ತರಿ, ಜೀರಿಗೆ. ಚೀನಾ ಅಂದ್ರೆ ಸೋಯಾ ಸಾಸ್ ಅಂದ್ಕೊಂಡವರು ಇಲ್ಲಿ ಸ್ವಲ್ಪ ನಿಂತು ಮುಂದೆ ಹೋಗಿ.

ಆ ಕಡೆಯ ಮುಸ್ಲಿಂ ಸಮುದಾಯವಾದ ಉಯ್ಗುರರ ಈ ತಿಂಡಿ 1980ರ ದಶಕದಲ್ಲಿ ಬೀಜಿಂಗ್ ಬೀದಿಗಳಲ್ಲೂ ಜನಪ್ರಿಯವಾಯ್ತು. ಹಾಗಂತ ಕಡ್ಡಿಗೆ ಪೋಣಿಸಿ ಸುಡೋದು ಚೀನಾಕ್ಕೆ ಹೊಸದೇನಲ್ಲ. ಪೂರ್ವ ಚೀನಾದ ಶಾನ್‌ಡಾಂಗ್‌ನಲ್ಲಿ ಸಿಕ್ಕ, ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ರಾಜವಂಶದ ಕಾಲದ ಸಮಾಧಿಗಲ್ಲುಗಳಲ್ಲೇ ಬೀಸಣಿಗೆ ಹಿಡಿದು ಮಾಂಸ ಸುಡುವವರ ಕೆತ್ತನೆ ಇದೆ!

ಈಗ ಹೊಗೆ ಜಾಸ್ತಿ ಅಂತ ಎಷ್ಟೋ ನಗರಗಳಲ್ಲಿ ಬೀದಿಬದಿ ಇದ್ದಿಲು ಒಲೆಗೆ ನಿರ್ಬಂಧ, ಕೆಲವರು ಕರೆಂಟ್ ಒಲೆಗೆ ಬದಲಾಗಿದ್ದಾರೆ. ಗಾಳಿಗೆ ಒಳ್ಳೇದೇ, ಒಪ್ತೀನಿ. ನಾಲಿಗೆಯನ್ನ ಒಪ್ಪಿಸೋದೇ ಕಷ್ಟ.