ಪುಂತಾ ಸುರ್‌ನ ಆಳದಲ್ಲಿ ಗಾಳಿಯ ಲೆಕ್ಕ

ಮೆಕ್ಸಿಕೊದ ಕೊಜುಮೆಲ್ ದ್ವೀಪದ ದಕ್ಷಿಣ ತುದಿಯಲ್ಲಿರುವ ಪುಂತಾ ಸುರ್ ಹವಳದ ದಿಬ್ಬಕ್ಕೆ ಅನುಭವಿ ಡೈವರ್‌ಗಳು ಬರುವುದು ಮುಖ್ಯವಾಗಿ ಅಲ್ಲಿನ 'ಡೆವಿಲ್ಸ್ ಥ್ರೋಟ್' ಎಂಬ ಸುರಂಗಕ್ಕಾಗಿ. ಸುಮಾರು ಇಪ್ಪತ್ತೈದು ಮೀಟರ್ ಆಳದಲ್ಲಿ ಒಳಹೊಕ್ಕರೆ, ಕತ್ತಲೆಯ ಇಳಿಜಾರಿನಲ್ಲಿ ಸಾಗಿ, ಮನರಂಜನಾ ಡೈವಿಂಗ್‌ನ ಗಡಿಯಾದ 40 ಮೀಟರ್‌ನ ಸಮೀಪ, ತಳವೇ ಕಾಣದ ಕಡಲ ಗೋಡೆಯಲ್ಲಿ ಹೊರಬೀಳುತ್ತೇವೆ. ಒಬ್ಬೊಬ್ಬರಾಗಿ ಸಾಗಬೇಕಾದಷ್ಟು ಇಕ್ಕಟ್ಟಾದ ಈ ದಾರಿಯಲ್ಲಿ ತಲೆಯ ಮೇಲೆ ಬಂಡೆಯಿರುವುದರಿಂದ, ತೊಂದರೆಯಾದರೆ ನೇರವಾಗಿ ಮೇಲೇರಲು ಆಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇಲ್ಲಿ ಧೈರ್ಯಕ್ಕಿಂತ ಲೆಕ್ಕವೇ ದೊಡ್ಡದು. 40 ಮೀಟರ್‌ನಲ್ಲಿ ಒತ್ತಡ ಮೇಲ್ಮೈಗಿಂತ ಐದು ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅಲ್ಲಿ 100 ಲೀಟರ್ ಬೇಕು. ಸುಮಾರು 2,200 ಲೀಟರ್ ಗಾಳಿ ಹಿಡಿಯುವ ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರ್ ಆ ಆಳದಲ್ಲಿ ಬರಿದಾಗಲು ಇಪ್ಪತ್ತೆರಡು ನಿಮಿಷ ಸಾಕು, ಆದರೆ ಮೇಲೇರುವಾಗಿನ ಗಾಳಿ, ಜೊತೆಗಾರರಿಗೆ ಕೊಡಬೇಕಾಗಬಹುದಾದ ಗಾಳಿ, ಐದು ಮೀಟರ್‌ನಲ್ಲಿ ಮೂರು ನಿಮಿಷದ ಮುನ್ನೆಚ್ಚರಿಕೆಯ ನಿಲುಗಡೆ, ಎಲ್ಲವೂ ಅದರಲ್ಲೇ ಬರಬೇಕು. ಡಿಕಂಪ್ರೆಷನ್ (ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಮೇಲೇರುವಾಗ ಕಡ್ಡಾಯವಾಗಿ ನಿಲ್ಲುವುದು) ಇಲ್ಲದೆ ಅಲ್ಲಿರಲು ಸಿಗುವ ಅವಧಿಯೂ ಹತ್ತು ನಿಮಿಷದ ಆಸುಪಾಸು ಮಾತ್ರ. 32 ಶೇಕಡಾ ನೈಟ್ರಾಕ್ಸ್ (ಅಷ್ಟು ಆಮ್ಲಜನಕವಿರುವ ಗಾಳಿಮಿಶ್ರಣ) ತುಂಬಿಸಿಕೊಂಡವರು ಇಲ್ಲಿಗೆ ಇಳಿಯಲೇಬಾರದು. ಆ ಮಿಶ್ರಣದ ಮಿತಿ 33 ಮೀಟರ್‌ನ ಸುಮಾರಿಗೆ ಮುಗಿಯುತ್ತದೆ; ಅದಕ್ಕಿಂತ ಆಳದಲ್ಲಿ ಆಮ್ಲಜನಕವೇ ವಿಷವಾಗಬಹುದು.

ಮೂವತ್ತು ಮೀಟರ್ ದಾಟಿದ ಮೇಲೆ ಸಾರಜನಕದ ಮಂಪರು ಮೆಲ್ಲಗೆ ಆವರಿಸುತ್ತದೆ. ಗೇಜ್‌ನ ಮುಳ್ಳನ್ನು ನೋಡಿರುತ್ತೇನೆ, ಆದರೆ ಅಂಕಿ ತಲೆಗೆ ಹತ್ತಿರುವುದಿಲ್ಲ; ಹಾಗಾಗಿ ಮತ್ತೊಮ್ಮೆ ನೋಡಿ ಜೊತೆಗಾರನಿಗೆ ಕೈಸನ್ನೆಯಲ್ಲಿ ತಿಳಿಸುತ್ತೇನೆ. ಅಲ್ಲಿ ಕೆಂಪು ಬಣ್ಣ ಎಂದೋ ಮಾಸಿಹೋಗಿರುತ್ತದೆ. ಗೋಡೆಯ ಮೇಲೆ ಕಪ್ಪಾಗಿ ಕಂಡ ಸ್ಪಂಜಿಗೆ ಟಾರ್ಚ್ ಬಿಟ್ಟ ಕ್ಷಣ, ಅದು ರಕ್ತದಷ್ಟು ಕೆಂಪಾಗಿ ಬೆಳಗುತ್ತದೆ. ಆ ಸೊಬಗಿನ ಮುಂದೆ ನಿಂತುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಅಲ್ಲೇ ಗಾಳಿ ಪೋಲಾಗುವುದೂ.

ಹೊರಬಂದ ಮೇಲೆ ಪ್ರವಾಹ ಸಾಮಾನ್ಯವಾಗಿ ಉತ್ತರಕ್ಕೆ ಒಯ್ಯುತ್ತದೆ. ಎದುರು ಈಜದೆ, ಗೋಡೆಯ ಹತ್ತಿರವೇ ಉಳಿದು, ನಿಧಾನವಾಗಿ ಮೇಲೇರುತ್ತ, ದೋಣಿಯವರಿಗೆ ಕಾಣುವಂತೆ ಸರ್ಫೇಸ್ ಬೋಯ್ (ನೀರಿನ ಮೇಲೆ ತೇಲುವ ಗುರುತು) ಬಿಡಬೇಕು. 1996ರಿಂದ ಈ ದಿಬ್ಬಗಳು ರಾಷ್ಟ್ರೀಯ ಉದ್ಯಾನವಾಗಿವೆ. ಕೈಗವಸು, ಚಾಕು ಎರಡಕ್ಕೂ ನಿಷೇಧವಿದೆ. ಹವಳವನ್ನು ಹಿಡಿದು ನಿಲ್ಲುವ ಅಭ್ಯಾಸವನ್ನು ತಪ್ಪಿಸುವ ಈ ನಿಯಮ ನನಗೆ ತುಂಬ ಸರಿಯೆನಿಸುತ್ತದೆ, ಏಕೆಂದರೆ 2018ರಲ್ಲಿ ಮೆಕ್ಸಿಕೊದ ಕೆರಿಬಿಯನ್ ತೀರದಲ್ಲಿ ಕಾಣಿಸಿಕೊಂಡ ಅಂಗಾಂಶ ನಾಶದ ರೋಗ ಗಟ್ಟಿಹವಳಗಳನ್ನು ಈಗಾಗಲೇ ಬಹಳಷ್ಟು ಕೊಂದಿದೆ. ಈಜುರೆಕ್ಕೆಗಳ ಮೇಲೆ ಇನ್ನೂ ಹಿಡಿತ ಸಾಧಿಸದವರು ಸುರಂಗವನ್ನು ಬಿಟ್ಟು, ಹೊರಗೋಡೆಯ ಮೇಲ್ಭಾಗದಲ್ಲೇ ಸಾಗುವಂತೆ ಗೈಡ್ ಅನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.