ಉಲ್ಲೇಖ ಎರಡರ ತಾರೀಖು

ಹಾವೇರಿ ಜಿಲ್ಲೆಯ ಒಂದು ತಾಲೂಕಿನ ಬಿಇಒ ಆಫೀಸಿನಲ್ಲಿ ಪಿಂಚಣಿ ವಿಷಯ ನಿರ್ವಾಹಕನಾಗಿದ್ದೇನೆ. ಮಾಸ್ತರುಗಳ, ಅಕ್ಕೋರುಗಳ ಎಸ್‌ಆರ್ ಪುಸ್ತಕ, ಅಂದರೆ ಸೇವಾ ಪುಸ್ತಕ, ತಿದ್ದಿ, ತಾಳೆ ನೋಡಿ, ಬೆಂಗಳೂರಿನ ಎಜಿ (ಮಹಾಲೇಖಪಾಲರ) ಆಫೀಸಿಗೆ ಕಳಿಸುವುದು ನನ್ನ ಕೆಲಸ. ಬಿಟ್ಟುಹೋದ ಒಂದು ಇನ್‌ಕ್ರಿಮೆಂಟು, ಸಹಿ ಇಲ್ಲದ ಒಂದು ರಜೆ ನಮೂದು ಸಾಕು, ಕಡತ ಆಕ್ಷೇಪಣೆ ಹೊತ್ತು ವಾಪಸು ಬರುತ್ತದೆ. ಅಷ್ಟು ತಿಂಗಳು ಒಬ್ಬರ ಮನೆಯ ಖರ್ಚು ಸಾಲದ ಮೇಲೆ ನಡೆಯುತ್ತದೆ. ಹಾಗಾಗಿ ಎಸ್‌ಆರ್ ಪುಸ್ತಕದ ಒಂದು ಸಾಲನ್ನೂ ನಾನು ಹಗುರವಾಗಿ ಓದುವುದಿಲ್ಲ.

2024ರ ಜನವರಿಯಲ್ಲಿ ಸರ್ಕಾರದ ಒಂದು ಆದೇಶ ಬಂತು. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆಲ್ಲ ಎನ್‌ಪಿಎಸ್, ಅಂದರೆ ತಿಂಗಳು ತಿಂಗಳು ವಂತಿಗೆ ಕೂಡಿಸುವ ಹೊಸ ಪಿಂಚಣಿ, ಎಂಬುದು ಗೊತ್ತಿದ್ದದ್ದೇ. ಆದರೆ ನೇಮಕಾತಿ ಅಧಿಸೂಚನೆ ಆ ತಾರೀಖಿಗಿಂತ ಮೊದಲೇ ಹೊರಟು, ಆಯ್ಕೆ ಪಟ್ಟಿ, ಪರಿಶೀಲನೆ ಅಂತ ತಡವಾಗಿ ಆಮೇಲೆ ಕೆಲಸಕ್ಕೆ ಹಾಜರಾದವರು ಸುಮಾರು 13,000 ಮಂದಿ ಇದ್ದರು. ತಡವಾದದ್ದು ಅವರಿಂದಲ್ಲ. ಅವರಿಗೆ ಹಳೇ ಪಿಂಚಣಿ ಕೊಡಬೇಕು ಎಂಬುದು ಆ ಆದೇಶ. ಮರುದಿನದಿಂದ ನನ್ನ ಟೇಬಲ್ಲಿನ ಮುಂದೆ ಜನ ನಿಲ್ಲತೊಡಗಿದರು.

ಅವರಲ್ಲಿ ಒಂದೇ ಶಾಲೆಯ ಇಬ್ಬರು ಒಂದು ಶನಿವಾರ ಮಧ್ಯಾಹ್ನ ಬಂದದ್ದನ್ನು ಹೇಳಬೇಕು. ಬೆಳಗಿನ ಶಾಲೆ ಮುಗಿಸಿ ಒಂದೇ ಬೈಕಿನಲ್ಲಿ ಬಂದಿದ್ದರು. ಅಕ್ಕೋರು 2007ರ ಆರಂಭದಲ್ಲಿ ಕೆಲಸಕ್ಕೆ ಸೇರಿದವರು, ನಿವೃತ್ತಿಗೆ ಇನ್ನೆರಡು ವರ್ಷ. ಮಾಸ್ತರು ಅವರಿಗಿಂತ ಒಂದು ವರ್ಷ ತಡವಾಗಿ ಸೇರಿದವರು, ವಯಸ್ಸಿನಲ್ಲಿ ಚಿಕ್ಕವರು. ಅಕ್ಕೋರ ಕಾಗದಪತ್ರಗಳನ್ನೆಲ್ಲ ಫೈಲಿಗೆ ಹಾಕಿ, ಮೇಲೆ ನಂಬರು ಬರೆದು ಜೋಡಿಸಿ ತಂದಿದ್ದವರು ಈ ಮಾಸ್ತರೇ.

“ಸರ, ಇದರಾಗ ನಂದು ಬರ್ತೈತೇನ್ರಿ?” ಅಂತ ಅಕ್ಕೋರು ನೇಮಕಾತಿ ಆದೇಶದ ಜೆರಾಕ್ಸ್ ಮುಂದಿಟ್ಟರು.

ನಮ್ಮ ಸರ್ಕಾರಿ ಆದೇಶಗಳಲ್ಲಿ ವಿಷಯದ ಕೆಳಗೆ ‘ಉಲ್ಲೇಖ’ ಅಂತ ಒಂದೆರಡು ಸಾಲು ಇರುತ್ತವಲ್ಲ, ಸಾಮಾನ್ಯವಾಗಿ ಯಾರೂ ಅದನ್ನು ಓದುವುದಿಲ್ಲ. ಆ ದಿನ ಅಲ್ಲೇ ಎಲ್ಲ ಇತ್ತು. ಉಲ್ಲೇಖ ಎರಡರಲ್ಲಿ ಅಧಿಸೂಚನೆಯ ಸಂಖ್ಯೆ, ಅದರ ಮುಂದೆ ದಿನಾಂಕ. ಜೆರಾಕ್ಸಿನ ಮೇಲೆ ಜೆರಾಕ್ಸ್ ಆಗಿ ಇಸವಿಯ ಕೊನೆಯ ಅಂಕಿ 5 ಇರಬಹುದು, 6 ಇರಬಹುದು ಅನ್ನುವ ಹಾಗೆ ಮಸುಕಾಗಿತ್ತು. ಕಪಾಟಿನಿಂದ ಅವರ ಎಸ್‌ಆರ್ ತೆಗೆದು, ಮೊದಲ ಪುಟಗಳಿಗೆ ಅಂಟಿಸಿದ್ದ ಮೂಲ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. 2005. ಮೂವರೂ ಒಬ್ಬೊಬ್ಬರಾಗಿ ಓದಿದೆವು.

“ಬರ್ತೈತ್ರಿ ಅಕ್ಕೋರ. ಅರ್ಜಿ ಬರೀರಿ, ಇವತ್ತ ತಗೋತೀನಿ.”

ಅವರೆದುರೇ ಲೆಕ್ಕ ಹಾಕಿದೆ. ನಮ್ಮಲ್ಲಿ ಪೂರ್ಣ ಪಿಂಚಣಿಗೆ 30 ವರ್ಷ ಸೇವೆ ಬೇಕು. ಅರ್ಧವರ್ಷಗಳಲ್ಲಿ ಎಣಿಸಿದರೆ 60. ಅವರಿಗೆ ನಿವೃತ್ತಿ ಹೊತ್ತಿಗೆ 19 ವರ್ಷ, ಅಂದರೆ 38. ಕೊನೆಯ ಮೂಲ ವೇತನ 45,000 ಅಂತ ಹಿಡಿದರೆ ಅದರ ಅರ್ಧ 22,500, ಅದರಲ್ಲಿ 60ಕ್ಕೆ 38 ಪಾಲು. ತಿಂಗಳಿಗೆ 14,250 ರೂಪಾಯಿ. ಅದರ ಮೇಲೆ ಸರ್ಕಾರ ಏರಿಸಿದಾಗೆಲ್ಲ ಏರುವ ತುಟ್ಟಿಭತ್ಯೆ. ಅವರ ನಂತರ ಯಜಮಾನರಿಗೆ ಕುಟುಂಬ ಪಿಂಚಣಿ. ಅಕ್ಕೋರು ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ದೊಡ್ಡ ಮೊತ್ತವೇನಲ್ಲ. ಆದರೆ ಔಷಧಿ, ರೇಷನ್ನು, ಕರೆಂಟು ಬಿಲ್ಲು ಇಷ್ಟನ್ನು ಯಾರ ಮುಂದೂ ಕೈಯೊಡ್ಡದೆ ನಡೆಸಬಹುದಾದ ಮೊತ್ತ.

ಆಮೇಲೆ ಮಾಸ್ತರು ತಮ್ಮ ಆದೇಶ ತೆಗೆದರು. ಅವರದನ್ನು ಕಿಟಕಿಗೆ ಹಿಡಿಯುವ ಅಗತ್ಯವೇ ಇರಲಿಲ್ಲ. ಅಧಿಸೂಚನೆ 2007ರದು.

“ನಂದು ಆಗೂದಿಲ್ಲ ಅಂತ ಗೊತ್ತಿತ್ರಿ ಸರ. ಆದರ ಅಕ್ಕೋರಿಗೆ ಹೇಳಿದಂಗ ನನಗೂ ತಿಂಗಳಿಗೆ ಎಷ್ಟ ಬರ್ತೈತಿ ಅಂತ ಹೇಳ್ರಿ.”

ಹೇಳಲು ನನ್ನಲ್ಲಿ ಅಂಕಿ ಇರಲಿಲ್ಲ. ಮೂಲ ವೇತನ, ತುಟ್ಟಿಭತ್ಯೆಯ ಶೇ. 10ರಷ್ಟು ಅವರಿಂದ, ಶೇ. 14ರಷ್ಟು ಸರ್ಕಾರದಿಂದ ಪ್ರತಿ ತಿಂಗಳು ಅವರ ಪ್ರಾನ್ ಖಾತೆಗೆ, ಅಂದರೆ ಎನ್‌ಪಿಎಸ್‌ನಲ್ಲಿ ಅವರ ಹೆಸರಿನ ಖಾತೆಗೆ, ಹೋಗುತ್ತದೆ. ಬೇರೆ ಆಯ್ಕೆ ಮಾಡಿಕೊಳ್ಳದಿದ್ದರೆ ಎಸ್‌ಬಿಐ, ಯುಟಿಐ, ಎಲ್‌ಐಸಿಯ ಪಿಂಚಣಿ ನಿಧಿಗಳು ಆ ದುಡ್ಡನ್ನು ಹಂಚಿಕೊಂಡು ಹೂಡುತ್ತವೆ. ಹೆಚ್ಚಿನ ಭಾಗ ಸರ್ಕಾರಿ ಬಾಂಡು, ಸಾಲಪತ್ರಗಳಲ್ಲಿ, ಒಂದು ಮಿತಿಯೊಳಗೆ ಶೇರಿನಲ್ಲಿ. ನಿವೃತ್ತಿಯ ದಿನ ಎಷ್ಟಾಗಿರುತ್ತದೋ ಅದರಲ್ಲಿ ಶೇ. 60ರಷ್ಟನ್ನು ಒಟ್ಟಿಗೆ ಪಡೆಯಬಹುದು. ಉಳಿದ 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ (ಆನ್ಯುಟಿ) ಕೊಳ್ಳಬೇಕು. ಆ ದಿನದ ಬಡ್ಡಿ ದರ ಏನಿರುತ್ತದೋ ಅದರ ಮೇಲೆ ತಿಂಗಳ ಮೊತ್ತ ನಿಲ್ಲುತ್ತದೆ. ಆಮೇಲೆ ತುಟ್ಟಿಭತ್ಯೆ ಇಲ್ಲ. 30 ಲಕ್ಷ ಕೂಡಿದೆ ಅಂದುಕೊಂಡರೆ 18 ಲಕ್ಷ ಕೈಗೆ, 12 ಲಕ್ಷ ವರ್ಷಾಶನಕ್ಕೆ. ದರ ಶೇ. 6 ಆದರೆ ತಿಂಗಳಿಗೆ 6,000. 18 ಲಕ್ಷ ಸಣ್ಣ ಗಂಟಲ್ಲ, ಒಪ್ಪುತ್ತೇನೆ. ಆದರೆ ಮಗಳ ಮದುವೆ, ಮನೆ ಸಾಲ ಅಂತ ಅದು ಎರಡೇ ವರ್ಷದಲ್ಲಿ ಖಾಲಿಯಾದದ್ದನ್ನು ಈ ಟೇಬಲ್ಲಿಂದಲೇ ನೋಡಿದ್ದೇನೆ.

ಎನ್‌ಪಿಎಸ್ ಕುರಿತು ನನ್ನ ತಕರಾರು ಇಷ್ಟೇ: ಬಡ್ಡಿ ದರ ಏರಿಳಿದರೆ ತಾಳಿಕೊಳ್ಳುವ ಶಕ್ತಿ ಸರ್ಕಾರಕ್ಕಿದೆ, 60 ದಾಟಿದ ಒಬ್ಬ ಮಾಸ್ತರಿಗೆ ಇಲ್ಲ. ಖಜಾನೆಯ ಭಾರ ನನಗೂ ಗೊತ್ತು. ಹಾಗಂತ ಒಂದೇ ಗೋಡೆಯ ಆಚೀಚೆ ಮೂರನೇ ಇಯತ್ತೆ, ನಾಲ್ಕನೇ ಇಯತ್ತೆ ಕಲಿಸಿದ ಇಬ್ಬರ ಮುಪ್ಪು ಇಷ್ಟು ಬೇರೆಯಾಗುವುದು ನನಗೆ ಸರಿ ಕಾಣುವುದಿಲ್ಲ.

ಅದೆಲ್ಲ ಮಾಸ್ತರಿಗೆ ಹೇಳಿ ಪ್ರಯೋಜನವಿರಲಿಲ್ಲ. “ನಿಮ್ಮ ಪ್ರಾನ್ ಸ್ಟೇಟ್‌ಮೆಂಟ್ ಒಮ್ಮೆ ತೆಗೀರಿ” ಅಂದೆ. ಅವರು ಅದನ್ನು ಅಲ್ಲಿವರೆಗೆ ಪೂರ್ತಿ ತೆರೆದು ನೋಡಿರಲಿಲ್ಲ, ನೋಡುವವರೇ ಕಡಿಮೆ. ಶುರುವಿನ ವರ್ಷಗಳ ವಂತಿಗೆ ತಡವಾಗಿ ಜಮೆಯಾದ ಖಾತೆಗಳು ಬಹಳ ಇವೆ. ತಡವಾದ ಪ್ರತಿ ತಿಂಗಳೂ ಬೆಳೆಯಬೇಕಿದ್ದ ದುಡ್ಡು ಬೆಳೆಯದೆ ಉಳಿದ ತಿಂಗಳು. ಹಳೆಯ ವೇತನ ಬಿಲ್ಲುಗಳ ಕಟ್ಟು ಬಿಚ್ಚಿ ಮಾಸ್ತರು ತಿಂಗಳು ಓದುತ್ತ ಹೋದರು, ಅಕ್ಕೋರು ಸ್ಟೇಟ್‌ಮೆಂಟಿನಲ್ಲಿ ಬೆರಳಿಟ್ಟು ಹುಡುಕಿದರು, ನಾನು ಟಿಕ್ ಹಾಕಿದೆ. ಸಂಬಳದಲ್ಲಿ ಕಡಿತವಾಗಿ ಖಾತೆಗೆ ಬಾರದ ಕಂತುಗಳು ಸಿಕ್ಕವು. ಬಿಲ್ಲಿನ ನಕಲು ಲಗತ್ತಿಸಿ ಸಂಬಂಧಪಟ್ಟವರಿಗೆ ಪತ್ರ ಬರೆದೆ. ಸೋಮವಾರ ಅಕ್ಕೋರ ಅರ್ಜಿ ಡಿಡಿಪಿಐ ಆಫೀಸಿಗೆ ಹೋಗುವ ಟಪಾಲಿನಲ್ಲೇ ಆ ಪತ್ರವೂ ಹೋಯಿತು. ಮೂರು ನೆನಪೋಲೆ ಆದಮೇಲೆ ಆ ಕಂತುಗಳು ಜಮೆಯಾದವು. ತಡದ ಅವಧಿಯ ಬಡ್ಡಿಗಾಗಿ ಈಗ ನಾಲ್ಕನೆಯ ಪತ್ರ ನಡೆದಿದೆ.