ಸೂಜಿ ಹಾಕುವ ಮುಂಚೆ ಆಡುವ ಮಾತು

ರಕ್ತದ ಸ್ಯಾಂಪಲ್ ತೆಗೆಯುವುದು ನನ್ನ ಕೆಲಸ. ಖಾಲಿ ಹೊಟ್ಟೆಯಲ್ಲಿ ಬಂದು ಕೂತವರ ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ, ಟ್ಯೂಬ್ ತುಂಬಿಸಿ ಕಳಿಸುವುದು. ಕೈ ಪಳಗಿದ್ದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಾಲದು, ಬಾಯಿಯೂ ಪಳಗಿರಬೇಕು.

ಬೆರಳಲ್ಲಿ ತಡಕುತ್ತಾ "ಅಯ್ಯೋ, ನರಾನೇ ಸಿಗ್ತಿಲ್ವಲ್ಲ" ಅಂತ ಯಾರಾದರೂ ಅಂದುಬಿಟ್ಟರೆ ಕೂತವರ ಮುಖ ನೋಡಬೇಕು. ತೋಳು ಸೆಟೆದುಕೊಳ್ಳುತ್ತದೆ, ಅಂಗೈ ಬೆವರಿ ತಣ್ಣಗಾಗುತ್ತದೆ. ಹೆದರಿದಾಗ ಚರ್ಮದ ಹತ್ತಿರದ ರಕ್ತನಾಳಗಳು ಕುಗ್ಗುತ್ತವೆ, ಹಾಗಾಗಿ ಮೊದಲೇ ಸಿಗದಿದ್ದ ನರ ಇನ್ನಷ್ಟು ಸತಾಯಿಸುತ್ತದೆ. ಕೆಲವರಿಗೆ ಅಷ್ಟರಲ್ಲೇ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಸೂಜಿಯ ಕವರ್ ಇನ್ನೂ ತೆಗೆದೇ ಇರುವುದಿಲ್ಲ!

ಕೆಟ್ಟದ್ದಾಗುತ್ತೆ ಅಂತ ನಿರೀಕ್ಷೆ ಮಾಡಿದ್ದಕ್ಕೇ ಕೆಟ್ಟದ್ದಾಗುವುದನ್ನು ನೊಸೀಬೊ ಅನ್ನುತ್ತಾರೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಹೆರಿಗೆಗೆ ಬಂದ ಹೆಂಗಸರಿಗೆ ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಕೆಲವರಿಗೆ "ಜೇನುನೊಣ ಕುಟುಕಿದ ಹಾಗಾಗುತ್ತೆ, ಇದೇ ಎಲ್ಲಕ್ಕಿಂತ ಕಷ್ಟದ್ದು" ಅಂದರು, ಉಳಿದವರಿಗೆ "ಈ ಔಷಧಿಯಿಂದ ಜಾಗ ಮರಗಟ್ಟುತ್ತೆ, ಆಮೇಲೆ ಆರಾಮಾಗಿರುತ್ತೀರಿ" ಅಂದರು. ಇಂಜೆಕ್ಷನ್ ಒಂದೇ. ಹತ್ತಕ್ಕೆ ಎಷ್ಟು ನೋವು ಅಂತ ಕೇಳಿದಾಗ ಮೊದಲನೆಯ ಗುಂಪಿನ ಮಧ್ಯದ ಅಂಕ 5, ಎರಡನೆಯದರದ್ದು 3. ನೋಡಿ, ಮಾತಿಗೆ ಖರ್ಚೇನೂ ಇಲ್ಲ, ಅಲ್ವಾ?

ಹಾಗಂತ ಸುಳ್ಳು ಹೇಳಬಾರದು, ಇದನ್ನು ಹೊಸದಾಗಿ ಸೇರಿದವರಿಗೆ ಒತ್ತಿ ಹೇಳುತ್ತೇನೆ. "ನೋವೇ ಆಗಲ್ಲ ಪುಟ್ಟಾ" ಅಂದು ಚುಚ್ಚಿದರೆ ಆ ಮಗು ಮುಂದಿನ ಸಲ ಬಾಗಿಲಲ್ಲೇ ಕಿರುಚುತ್ತದೆ, ನಮ್ಮನ್ನು ನಂಬುವುದಿಲ್ಲ, ನಂಬದೆ ಇರುವುದು ಸರಿಯೇ. ನಾನು "ಈಗ ಪಟ್ಟಿ ಕಟ್ತೀನಿ, ಸ್ವಲ್ಪ ಬಿಗಿ ಅನ್ಸುತ್ತೆ. ಈಗ ಸೂಜಿ ಹಾಕ್ತೀನಿ, ಉಸಿರು ನಿಧಾನಕ್ಕೆ ಬಿಡಿ" ಅಂತ ಆಗುವುದನ್ನಷ್ಟೇ ಹೇಳುತ್ತಾ ಹೋಗುತ್ತೇನೆ. ನರ ಸಿಗದಿದ್ದರೆ "ಆ ಕೈ ಒಂದ್ಸಲ ನೋಡೋಣ" ಅನ್ನುತ್ತೇನೆ. ಅದೂ ನಿಜವೇ.

ಎಲ್ಲಕ್ಕಿಂತ ಜಾಸ್ತಿ ಸಂಕಟವಾಗುವುದು ಮಾತ್ರ ಹೊರಗೆ ಬೆಂಚಿನಿಂದ ಕೇಳಿಸುವ "ಹಠ ಮಾಡಿದ್ರೆ ದೊಡ್ಡ ಸೂಜಿ ಚುಚ್ಚಿಸ್ತೀನಿ ನೋಡು" ಅನ್ನುವ ಮಾತಿಗೆ. ಮನೆಯಲ್ಲಿ ಊಟ ಮಾಡಿಸಲು, ಮಲಗಿಸಲು ಬಳಸಿ ಬಳಸಿ ಅದು ಅಪ್ಪ ಅಮ್ಮನಿಗೆ ಅಭ್ಯಾಸವಾಗಿರುತ್ತದೆ. ಮಗುವಿಗೆ ಸೂಜಿ ಅಂದರೆ ಶಿಕ್ಷೆ ಅಂತಾಗಿರುತ್ತದೆ, ಕಾಯಿಲೆ ಬಿದ್ದದ್ದೇ ತನ್ನ ತಪ್ಪು ಅನ್ನುವ ಹಾಗೆ ನನ್ನನ್ನು ನೋಡುತ್ತದೆ. ಅಂಥವರಿಗೆ ಬುದ್ಧಿ ಹೇಳಲು ಹೋಗುವುದಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದಕ್ಕೆ ಇಷ್ಟವಾದದ್ದೇನಾದರೂ ಮಾತಾಡುತ್ತಾ ಇರಿ ಅಂತ ಕೇಳಿಕೊಳ್ಳುತ್ತೇನೆ.